ನಾಲ್ಕು ಮಡಿಕೆಯ ದಾರ

ಕೋವಿಡ್ ಅಡಗಿದ ಎರಡನೇ ಬೇಸಿಗೆ. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಹೊರವಲಯದಲ್ಲಿ ಒಂದು ಸಮುದಾಯ ಭವನದ ಕೆಲಸ ನಡೆದಿತ್ತು. ನಾನು ಅಲ್ಲಿ ಗುಣಮಟ್ಟ ಪರಿಶೀಲನೆಯ ಎಂಜಿನಿಯರ್. ಕಟ್ಟಿಸುವವರೂ ಅಲ್ಲದ, ಕಟ್ಟುವವರೂ ಅಲ್ಲದ, ಇಬ್ಬರ ನಡುವೆ ನಿಂತು ನೋಡಿ ಸಹಿ ಹಾಕುವ ಕೆಲಸ ನನ್ನದು. ಭಾರವಾದ ಯಾವುದನ್ನೇ ಕ್ರೇನಿನಿಂದ ಎತ್ತುವ ಮೊದಲು ‘ಲಿಫ್ಟಿಂಗ್ ಪರ್ಮಿಟ್’ ಎಂಬ ಒಂದು ಹಾಳೆ ತುಂಬಬೇಕು. ವಸ್ತುವಿನ ತೂಕವೆಷ್ಟು, ಕ್ರೇನಿನ ಶಕ್ತಿಯೆಷ್ಟು, ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯಲ್ಲಿ ನನ್ನ ಸಹಿ. ಸಹಿಯಿಲ್ಲದೆ ಎತ್ತಬಾರದು ಎಂದು ಒಪ್ಪಂದದಲ್ಲಿ ಬರೆದಿತ್ತು. ಬರೆದಿತ್ತು, ಅಷ್ಟೆ.

ಆ ಹಾಳೆಗಳಲ್ಲಿ ಒಂದನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸಹಿಯ ಜಾಗ ಖಾಲಿ ಇದೆ. ಅದನ್ನು ಕೆಲವು ದಿನ ಹೆಮ್ಮೆಯಿಂದ ನೋಡಿಕೊಂಡಿದ್ದೆ. ಆ ಹೆಮ್ಮೆ ಯಾಕೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಭವನದ ಮುಂಭಾಗಕ್ಕೆ ಎರಡು ಕಂಬಗಳು ಬೇಕಾಗಿದ್ದವು. ಎರಡೂ ಇಡೀ ಕಲ್ಲಿನವು, ದುಂಡನೆಯವು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯಿಂದ ಕರಿಕಲ್ಲು ತರಿಸಿ ಕಡೆಸಿದ್ದರು. ಒಂದೊಂದರ ಉದ್ದ ಹದಿನೆಂಟು ಅಡಿ, ಅಡ್ಡಳತೆ ಮೂರು ಅಡಿ. ಮೊದಲ ಕಂಬ ಲಾರಿಯಲ್ಲಿ ಬಂದಿಳಿದು ಮುಂಭಾಗದಲ್ಲಿ ಮಲಗಿತ್ತು. ಅದನ್ನು ಎತ್ತಿ ನಿಲ್ಲಿಸಿ ಎರಡಡಿ ಆಳದ ಅಗಲವಾದ ಗುಂಡಿಯೊಳಗೆ ಇಳಿಸಬೇಕಿತ್ತು. ಬುಡ ಸರಿಯಾಗಿ ಕೂರಲು ಗುಂಡಿಯೊಳಗೆ ಒಬ್ಬ ಮನುಷ್ಯ ಹಾರೆ ಹಿಡಿದು ಕುಳಿತು, ಇಳಿಯುತ್ತಿರುವ ಕಲ್ಲನ್ನು ಅತ್ತಿತ್ತ ಮೀಟಬೇಕು. ಆ ಕೆಲಸ ದುರುಗಪ್ಪನದು. ಮೂವತ್ತರ ಆಸುಪಾಸಿನ ಆಳು, ಗುಡೇಕೋಟೆಯವನೇ. ಕಲ್ಲಿನ ಜೊತೆಗೇ ಬಂದವನು.

ಎತ್ತುವ ಕೆಲಸದ ಮೇಸ್ತ್ರಿ ರುದ್ರಪ್ಪ. ಅರವತ್ತು ದಾಟಿದವರು. ಹರಪನಹಳ್ಳಿಯ ಕಟ್ಟಿಗೆ ಅಡ್ಡೆಯಲ್ಲಿ ಮೂವತ್ತು ವರ್ಷ ದಿಮ್ಮಿ ಅಳೆದು, ಅಡ್ಡೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದವರು. ದಿಮ್ಮಿ ಉರುಳಿಸಿದ ಕೈ, ಭಾರ ಎಂದರೆ ಹೆದರದ ಕೈ. ಜೇಬಿನಲ್ಲಿ ಸದಾ ಒಂದು ಹುರಿದಾರ. ಅಂದು ಬೆಳಿಗ್ಗೆ ಒಂಬತ್ತಕ್ಕೆ ನಾನು ಹೋದಾಗ ಅವರು ಆ ದಾರವನ್ನು ಕಂಬದ ಸೊಂಟಕ್ಕೆ ಸುತ್ತಿದರು, ಉಗುರಿನಿಂದ ಗುರುತು ಹಿಡಿದು ಬಿಚ್ಚಿದರು, ನಾಲ್ಕು ಮಡಿಕೆ ಮಾಡಿದರು. ಮಡಿಕೆಯನ್ನು ಟೇಪಿಗೆ ಹಿಡಿದರು.

“ಇಪ್ಪತ್ತೆಂಟು ಇಂಚು, ಮ್ಯಾಲೊಂದು ಕಾಲು ಇಂಚು. ಅದನ್ನ ಅದರಿಂದನ ಗುಣಿಸಿ, ಹದಿನೆಂಟಡಿ ಉದ್ದ ಹಿಡೀರಿ. ನೂರು ಘನ ಅಡಿ. ಕಲ್ಲು ಅಡಿಗೆ ಎಪ್ಪತ್ತೈದು ಕೆಜಿ. ಏಳೂವರಿ ಟನ್. ಬರ್ಕಳ್ರಿ ಮೇಡಂ.”

ಕಾಗದವಿಲ್ಲ, ಪೆನ್ನಿಲ್ಲ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ನಾನು ಹಾಳೆಯ ಮೇಲೆ ಪೆನ್ನಿಟ್ಟೆ, ಆದರೆ ಬರೆಯಲಾಗಲಿಲ್ಲ. ದುಂಡನೆಯ ವಸ್ತುವಿನ ಗಾತ್ರ ಕಂಡುಹಿಡಿಯುವುದು ಎಂಟನೇ ತರಗತಿಯ ಪಾಠ. ಅಡ್ಡಳತೆಯ ಅರ್ಧ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಪೈ ಅಂದರೆ 3.14ರಿಂದ, ಆಮೇಲೆ ಉದ್ದದಿಂದ ಗುಣಿಸಬೇಕು. ಒಂದೂವರೆ ಅಡಿಯ ವರ್ಗ ಎರಡೂಕಾಲು. ಹದಿನೆಂಟು ಅಡಿಗೆ ಲೆಕ್ಕ ಹಾಕಿದರೆ ಬರುವುದು 127 ಘನ ಅಡಿ, ನೂರಲ್ಲ.

ರುದ್ರಪ್ಪನವರು ತಪ್ಪು ಗುಣಾಕಾರ ಮಾಡಿರಲಿಲ್ಲ. ಅವರದು ಕಟ್ಟಿಗೆ ಅಡ್ಡೆಯ ಲೆಕ್ಕ. ದುಂಡು ದಿಮ್ಮಿಯಿಂದ ಚೌಕದ ತೊಲೆ ತೆಗೆಯುವಾಗ ತೊಗಟೆ, ಸಿಪ್ಪೆ ಹಲಗೆ, ಗರಗಸದ ಪುಡಿ ಎಲ್ಲ ಉದುರಿಹೋಗುತ್ತವೆ. ಅದರ ಬೆಲೆಯನ್ನು ಕೊಳ್ಳುವವನ ತಲೆಗೆ ಕಟ್ಟಬಾರದೆಂದು ಸುತ್ತಳತೆಯ ಕಾಲುಭಾಗವನ್ನು ಚೌಕದ ಒಂದು ಬದಿಯೆಂದು ಹಿಡಿಯುತ್ತಾರೆ. ನೂರಕ್ಕೆ ಇಪ್ಪತ್ತೆರಡರಷ್ಟು ಮೊದಲೇ ಬಿಟ್ಟುಕೊಟ್ಟ ಲೆಕ್ಕ ಅದು. ಅಡ್ಡೆಯಲ್ಲಿ ಅದು ನ್ಯಾಯವೇ. ಆದರೆ ಈ ಕಲ್ಲನ್ನು ಯಾರೂ ಕೊಯ್ಯುವುದಿಲ್ಲ. ಸಿಪ್ಪೆಯ ಸಮೇತ ಕ್ರೇನಿನ ಕೊಕ್ಕೆಗೆ ತೂಗುತ್ತದೆ.

ಇನ್ನೊಂದು ಅನುಮಾನ ಕಲ್ಲಿನದೇ. ನಮ್ಮಪ್ಪ ಕೂಡ್ಲಿಗಿಯಲ್ಲಿ ಒರಳು, ಬೀಸುಕಲ್ಲು ಕಡೆಯುತ್ತಿದ್ದರು. ಚಿಕ್ಕವಳಿದ್ದಾಗ ನಾನು ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದೆ. ಬಿಳಿಕಲ್ಲಿನ ಬುಟ್ಟಿ ಎತ್ತಬಲ್ಲವಳಿಗೆ ಕರಿಕಲ್ಲಿನ ಬುಟ್ಟಿ ಏಳುತ್ತಿರಲಿಲ್ಲ. ಅಡಿಗೆ ಎಪ್ಪತ್ತೈದು ಕೆಜಿ ಎಂಬುದು ಬಿಳಿಕಲ್ಲಿನ ಮಾತು. ಕಂಬದ ಬುಡದ ಬಳಿ ಬಿದ್ದಿದ್ದ ಒಂದು ಚೂರನ್ನು ಎತ್ತಿಕೊಂಡು ರಸ್ತೆಯಾಚೆಯ ಕಿರಾಣಿ ಅಂಗಡಿಗೆ ಹೋದೆ. ತಕ್ಕಡಿಯಲ್ಲಿ ಅದು 1,260 ಗ್ರಾಂ. ಆಮೇಲೆ ಒಂದು ಚೆಂಬನ್ನು ಅಂಚಿನವರೆಗೆ ನೀರು ತುಂಬಿ ತಾಟಿನಲ್ಲಿಟ್ಟು, ಚೂರನ್ನು ದಾರ ಕಟ್ಟಿ ಮುಳುಗಿಸಿದೆ. ತಾಟಿಗೆ ಚೆಲ್ಲಿದ ನೀರು ತೂಗಿದರೆ 420 ಗ್ರಾಂ. ಅಂದರೆ ಈ ಕಲ್ಲು ಅಷ್ಟೇ ಗಾತ್ರದ ನೀರಿನ ಮೂರು ಪಟ್ಟು ಭಾರ, ಘನ ಅಡಿಗೆ ಎಂಬತ್ತೈದು ಕೆಜಿ.

ಅಂಗಡಿಯಾಕೆ ತಾಟು ಒರೆಸುತ್ತಾ, “ಕಲ್ಲು ಮಾರಾಕ ಬಂದೀರೇನ್ರಿ?” ಎಂದು ಕೇಳಿದಳು. ನಾನು ಮನಸ್ಸಿನಲ್ಲೇ 127ನ್ನು 85ರಿಂದ ಗುಣಿಸುತ್ತಿದ್ದೆ. ಹತ್ತು ಟನ್ ಎಂಟುನೂರು ಕೆಜಿ.

ಕ್ರೇನಿನ ಬಾಗಿಲ ಮೇಲೆ ‘14 ಟನ್’ ಎಂದು ದೊಡ್ಡದಾಗಿ ಬರೆದಿತ್ತು. ಎಲ್ಲರೂ ನಂಬುವುದು ಆ ಅಂಕಿಯನ್ನೇ. ಆದರೆ ಭಾರ ಕ್ರೇನಿನ ಮೈಗೆ ಅಂಟಿಕೊಂಡಂತಿದ್ದಾಗ ಮಾತ್ರ ಆ ಮಾತು ನಿಜ. ಕೊಕ್ಕೆ ಮುಂದೆ ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ಕೈ ಚಾಚಿ ಕೊಡ ಹಿಡಿದವರಿಗೆ ಇದು ಗೊತ್ತು. ಗುಂಡಿಯ ಸುತ್ತ ಕಬ್ಬಿಣದ ಸರಳುಗಳು ಎದ್ದು ನಿಂತಿದ್ದರಿಂದ ಕ್ರೇನ್ ಹತ್ತಿರ ಬರುವಂತಿರಲಿಲ್ಲ. ಅಷ್ಟು ದೂರದಿಂದ ಅದು ಎತ್ತಬಹುದಾದದ್ದು ಎಂಟು ಟನ್ ಎಂದು ಕ್ಯಾಬಿನ್ನಿನೊಳಗಿನ ತಗಡಿನ ಪಟ್ಟಿ ಹೇಳುತ್ತಿತ್ತು. ರುದ್ರಪ್ಪನವರ ಲೆಕ್ಕದಲ್ಲಿ ಅರ್ಧ ಟನ್ ಉಳಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಸುಮಾರು ಮೂರು ಟನ್ ಮೀರುತ್ತಿತ್ತು, ಗುಂಡಿಯಲ್ಲಿ ಕೂರಲಿದ್ದ ದುರುಗಪ್ಪನ ತಲೆಯ ಮೇಲೆ.

ಕ್ರೇನ್ ಓಡಿಸುವವರು ಹಗರಿಬೊಮ್ಮನಹಳ್ಳಿಯ ಮೌಲಾಸಾಬ್. ಎಷ್ಟು ಭಾರ ಬಿದ್ದಿದೆ ಎಂದು ತೋರಿಸುವ ಮೀಟರ್ ಕ್ಯಾಬಿನ್ನಿನಲ್ಲಿ ಇತ್ತು, ಮುಳ್ಳು ಅಲ್ಲಾಡುತ್ತಿರಲಿಲ್ಲ.

“ಅದು ಸತ್ತು ವರ್ಷಾತು ಮೇಡಂ,” ಎಂದರು.

“ಮತ್ತ ತೂಕ ಹೆಂಗ ಗೊತ್ತಾಗ್ತತಿ ನಿಮಗ?”

“ಮೇಸ್ತ್ರಿ ಹೇಳ್ತಾರ, ನಾ ಎತ್ತತೀನಿ.”

ಗುತ್ತಿಗೆದಾರರು ಕೊಟ್ಟೂರಿನ ವೀರಭದ್ರಪ್ಪ. ಒಳ್ಳೆಯ ಮನುಷ್ಯರೇ. ಕೂಲಿಯವರ ಊಟದ ಹೊತ್ತು ತಪ್ಪಿಸುತ್ತಿರಲಿಲ್ಲ. ನಾನು ಲೆಕ್ಕದ ಹಾಳೆ ತೋರಿಸಿ, ಒಂದೋ ದೊಡ್ಡ ಕ್ರೇನ್ ತರಿಸಿ, ಇಲ್ಲವೇ ಕಂಬವನ್ನು ಮತ್ತೆ ಲಾರಿಗೆ ಹಾಕಿ ತೂಕದ ಕಟ್ಟೆಗೆ ಕಳಿಸಿ ಎಂದೆ. ಬರುವಾಗ ಯಾಕೆ ತೂಗಿಸಲಿಲ್ಲ ಎಂದು ಕೇಳಿದೆ. ದಾರಿಯಲ್ಲಿದ್ದ ಕಟ್ಟೆ ಅಂದು ರಿಪೇರಿಯಲ್ಲಿತ್ತಂತೆ.

“ದೊಡ್ಡ ಕ್ರೇನ್ ಹೊಸಪೇಟಿಯಿಂದ ಬರಬೇಕು, ನಾಕು ದಿನ ಆಕ್ಕತಿ. ರುದ್ರಪ್ಪ ನಿಮ್ಮ ವಯಸ್ಸಿನಷ್ಟು ವರ್ಷ ದಿಮ್ಮಿ ಅಳದಾನ ಮೇಡಂ. ಅವನ ಲೆಕ್ಕ ಎಂದೂ ತಪ್ಪಿಲ್ಲ.”

“ದಿಮ್ಮಿ ಲೆಕ್ಕ ತಪ್ಪಿಲ್ರಿ. ಇದು ದಿಮ್ಮಿ ಅಲ್ಲ. ನಾ ಸಹಿ ಮಾಡಂಗಿಲ್ಲ.”

“ಆತು, ಸಂಜಿಗೆ ಮಾಡ್ರಿ. ಕಂಬ ನಿಂತಮ್ಯಾಲೆ ಕಣ್ಣಾರೆ ನೋಡಿ ಮಾಡ್ರಿ.”

ಅವರು ಮೌಲಾಸಾಬರತ್ತ ಕೈ ಮಾಡಿದರು. ಇಂಜಿನ್ ಶುರುವಾಯಿತು. ದುರುಗಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಗುಂಡಿಗೆ ಇಳಿದ. ನನಗೆ ಬೇರೇನೂ ತೋಚಲಿಲ್ಲ. ಹೋಗಿ ಕಂಬದ ಮೇಲೆ ಕುಳಿತೆ.

ಹದಿನೈದು ಜನ ನೋಡುತ್ತಿದ್ದರು. ಬಿಸಿಲಿಗೆ ಕಲ್ಲು ಕಾದಿತ್ತು. ಯಾರೋ ನಕ್ಕರು. ರುದ್ರಪ್ಪ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

“ಮೇಡಂರ, ನಿಮ್ಮ ತೂಕಾನೂ ಲೆಕ್ಕಕ್ಕ ಹಿಡಿದ್ರೇನು? ದಾರ ತರ್ಲಾ?”

“ತರ್ರಿ. ಆದರ ನಾಕು ಮಡಿಕಿ ಮಾಡಬ್ಯಾಡ್ರಿ. ನಾ ಕೊಯ್ಯೋ ಕಟ್ಟಿಗಿ ಅಲ್ಲ.”

ಈ ಮಾತಿಗೆ ದುರುಗಪ್ಪ ಗುಂಡಿಯೊಳಗಿಂದಲೇ ನಕ್ಕ. ರುದ್ರಪ್ಪ ತಿರುಗಿ, “ಲೇ ದುರುಗಾ, ನಗಬ್ಯಾಡ, ಹಾರಿ ಹಿಡಕ,” ಎಂದರು.

ಇಪ್ಪತ್ತು ನಿಮಿಷ ಹಾಗೇ ಕುಳಿತಿದ್ದೆ. ವೀರಭದ್ರಪ್ಪನವರು ಎರಡು ಸಲ ಫೋನಿನಲ್ಲಿ ಮಾತಾಡಿ ಬಂದರು. ಕೊನೆಗೆ, “ನಿಮಗೇನಾಗಬೇಕು ಹೇಳ್ರಿ. ನಡುವೆ ಒಂದು ಮಾತಿಗೆ ಬರೋಣ,” ಎಂದರು. ನಾನು ದುರುಗಪ್ಪನತ್ತ ಬೆರಳು ತೋರಿಸಿದೆ. ಗುಂಡಿಯಲ್ಲಿ ಯಾರೂ ಇರಬಾರದು, ಇಪ್ಪತ್ತಡಿಯ ಒಳಗೆ ಯಾರೂ ನಿಲ್ಲಬಾರದು, ಬುಡವನ್ನು ದೂರದಿಂದ ಹಗ್ಗ ಕಟ್ಟಿ ತಿರುಗಿಸಬೇಕು. ಸಹಿ ಮಾತ್ರ ಮಾಡುವುದಿಲ್ಲ.

“ಅಷ್ಟ ಅಲ್ಲೇನು? ಆತೇಳ್ರಿ,” ಎಂದರು ವೀರಭದ್ರಪ್ಪ.

ನಾನು ಕೆಳಗಿಳಿದೆ. ಈ ಕ್ಷಣವನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪಾತ್ರೆ ತೊಳೆಯುವಾಗ, ಲಾರಿಯ ಹಿಂಬಾಗಿಲು ಧಡ್ ಎಂದಾಗ, ನಾನು ಮತ್ತೆ ಆ ಕಲ್ಲಿನಿಂದ ಇಳಿಯುತ್ತಿರುತ್ತೇನೆ.

ದುರುಗಪ್ಪ ಗೊಣಗುತ್ತಾ ಮೇಲೆ ಬಂದ. “ಹಗ್ಗದಿಂದ ಜಗ್ಗಿದ್ರ ಸರಿಯಾಗಿ ಕುಂದ್ರತತೇನ್ರಿ ಕಲ್ಲು? ನೀವು ಓದಿದಾರು ಕೆಲಸ ದುಪ್ಪಟ್ಟು ಮಾಡ್ತೀರಿ.” ಹಾರೆ, ನೀರಿನ ಬಾಟಲಿ ಎರಡನ್ನೂ ಗುಂಡಿಯಲ್ಲೇ ಬಿಟ್ಟಿದ್ದ. ಮತ್ತೆ ಇಳಿಯಬೇಕಲ್ಲ ಎಂಬ ಲೆಕ್ಕ ಅವನದು.

ಕಂಬದ ಒಂದು ತುದಿಗೆ ಅಗಲವಾದ ಬೆಲ್ಟ್ ಬಿಗಿದು ಎತ್ತಲು ಶುರು ಮಾಡಿದರು. ತಲೆ ಸಲೀಸಾಗಿ ಮೇಲೆದ್ದಿತು. ಎರಡಡಿ, ಐದಡಿ, ಹತ್ತಡಿ. ಇಂಜಿನ್ ಮುಕ್ಕರಿಯಲೂ ಇಲ್ಲ. ರುದ್ರಪ್ಪ ನನ್ನತ್ತ ನೋಡಿ ಮೀಸೆ ನೀವಿಕೊಂಡರು. “ಎಲ್ಲೈತ್ರಿ ನಿಮ್ಮ ಹನ್ನೊಂದು ಟನ್?”

ಇಲ್ಲಿ ಒಂದು ವಿಷಯ ಹೇಳಬೇಕು. ಉದ್ದನೆಯ ವಸ್ತುವಿನ ಒಂದು ತುದಿಯನ್ನಷ್ಟೇ ಎತ್ತುವಾಗ ಉಳಿದರ್ಧ ಭಾರವನ್ನು ನೆಲವೇ ಹೊತ್ತಿರುತ್ತದೆ. ಆಗ ಕೊಕ್ಕೆಯ ಮೇಲಿದ್ದದ್ದು ಐದು ಟನ್ನಿನ ಆಸುಪಾಸು. ಪೂರ್ತಿ ಭಾರ ಬೀಳುವುದು ಬುಡ ನೆಲ ಬಿಟ್ಟ ಕ್ಷಣದಲ್ಲಿ. ಇದನ್ನು ಕೂಗಿ ಹೇಳಿದೆ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಿಸಿತೋ ಗೊತ್ತಿಲ್ಲ.

ಕಂಬ ನೆಟ್ಟಗೆ ನಿಂತಿತು. ಮೌಲಾಸಾಬರು ಇನ್ನೊಂದಿಷ್ಟು ಎತ್ತಿದರು. ಬುಡ ನೆಲದಿಂದ ಒಂದು ಗೇಣು ಮೇಲೆ ಬಂತು. ಗುಂಡಿಯ ಮೇಲಕ್ಕೆ ತೂಗುತ್ತಾ ಬಂತು. ಆಗ ನಾನು ಕಂಬವನ್ನು ನೋಡುತ್ತಿರಲಿಲ್ಲ, ಕ್ರೇನಿನ ಹಿಂದಿನ ಚಕ್ರಗಳನ್ನು ನೋಡುತ್ತಿದ್ದೆ. ಚಪ್ಪಟೆಯಾಗಿ ನೆಲಕ್ಕೊತ್ತಿದ್ದ ಟೈರು ಮೊದಲು ದುಂಡಗಾಯಿತು. ಆಮೇಲೆ ಟೈರಿಗೂ ನೆಲಕ್ಕೂ ನಡುವೆ ಬೆಳಕು ಕಾಣಿಸಿತು. ಒಂದು ಗೆರೆಯಷ್ಟು ಬೆಳಕು. ಅದು ಅಗಲವಾಗುತ್ತಾ ಹೋಯಿತು.

ಕ್ರೇನ್ ಮೂಗಿನ ಮೇಲೆ ಬಿದ್ದಂತೆ ಮುಂದಕ್ಕೆ ಮಗುಚಿತು. ಕಂಬದ ಬುಡ ನೇರವಾಗಿ ಗುಂಡಿಯೊಳಕ್ಕೆ ಇಳಿದು, ಅಂಚಿಗೆ ಬಡಿದು, ಕಂಬ ಸೊಂಟದಲ್ಲಿ ಎರಡಾಗಿ ಒಡೆಯಿತು. ಸದ್ದಿಗಿಂತ ಮೊದಲು ನೆಲದ ನಡುಕ ಕಾಲಿಗೆ ತಾಗಿತು. ಧೂಳು ಇಳಿದಾಗ ದುರುಗಪ್ಪ ಕೈಯಲ್ಲಿ ಹಗ್ಗ ಹಿಡಿದು ಇಪ್ಪತ್ತಡಿ ಆಚೆ ನಿಂತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿ, ಅಲ್ಲೇ ಕುಕ್ಕರಿಸಿದ. ಹಾರೆ ಕುಡುಗೋಲಿನಂತೆ ಬಾಗಿತ್ತು.

ಮೌಲಾಸಾಬರನ್ನು ಕ್ಯಾಬಿನ್ನಿನಿಂದ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಎಡಗಾಲು ತಗಡಿನ ನಡುವೆ ಸಿಕ್ಕಿತ್ತು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ವರಾಂಡದಲ್ಲಿ ವೀರಭದ್ರಪ್ಪನವರು ನನ್ನ ಪಕ್ಕ ಕುಳಿತರು. “ಬೆಲ್ಟ್ ಹರೀತು ಅಂತ ಬರೀರಿ ಮೇಡಂ. ಎಲ್ಲಾರಿಗೂ ಒಳ್ಳೇದು. ರುದ್ರಪ್ಪಗ ಈ ವಯಸ್ಸಿನಾಗ ಎಲ್ಲಿ ಕೆಲಸ ಸಿಗ್ತತಿ?”

“ಬೆಲ್ಟ್ ಹರಿದಿಲ್ರಿ. ಕಲ್ಲಿಗೆ ಬಿಗದಂಗ ಐತಿ. ಹೋಗಿ ಜಗ್ಗಿ ನೋಡ್ರಿ.”

“ಹಟ ಮಾಡಬ್ಯಾಡ್ರಿ.”

“ಬೆಳಿಗ್ಗೆ ಹಟ ಮಾಡಿದ್ದು ಕಡಿಮಿ ಆತು.”

ವರದಿಯಲ್ಲಿ ಇದ್ದದ್ದನ್ನು ಬರೆದೆ. ಗಾತ್ರ 127 ಘನ ಅಡಿ, ಅಡಿಗೆ 85 ಕೆಜಿ, ಒಟ್ಟು ಹತ್ತು ಟನ್ ಎಂಟುನೂರು, ಆ ದೂರಕ್ಕೆ ಕ್ರೇನಿನ ಮಿತಿ ಎಂಟು ಟನ್, ಸಹಿ ಇಲ್ಲ, ಮೀಟರ್ ಕೆಟ್ಟಿತ್ತು. ಕಿರಾಣಿ ಅಂಗಡಿಯ ಚೆಂಬು, ತಾಟನ್ನೂ ಬಿಡಲಿಲ್ಲ. ಬೆಂಕಿಯಂಥ ಹುಡುಗಿ ಎಂದು ಕೆಲವರು, ಕಾಲ್ಗುಣ ಸರಿಯಿಲ್ಲ ಎಂದು ಕೆಲವರು ಆಡಿಕೊಂಡರು. ನನ್ನನ್ನು ಆ ಸೈಟಿನಿಂದ ಬದಲಾಯಿಸಬೇಕೆಂದು ಮೇಲಿನವರಿಗೆ ಹೇಳಿದವರೂ ಇದ್ದರು. ಬರವಣಿಗೆಯಲ್ಲಿ ಕೊಡಿ ಎಂದೆ. ಯಾರೂ ಕೊಡಲಿಲ್ಲ.

ವಾರದ ಮೇಲೆ ಒಡೆದ ಕಂಬವನ್ನು ಎರಡು ತುಂಡಾಗಿಯೇ ಲಾರಿಗೆ ಹಾಕಿ ಒಯ್ದರು. ರುದ್ರಪ್ಪ ಯಾರೂ ಹೇಳದೆ ಲಾರಿಯ ಮುಂದೆ ಹತ್ತಿ ಕುಳಿತರು. ಸಂಜೆ ಬಂದು ನನ್ನ ಮೇಜಿನ ಮೇಲೆ ತೂಕದ ಕಟ್ಟೆಯ ಚೀಟಿ ಇಟ್ಟರು. ಅದನ್ನೂ ನಾಲ್ಕು ಮಡಿಕೆ ಮಾಡಿದ್ದರು. ಬಿಚ್ಚಿದೆ. ಹತ್ತು ಟನ್ ಏಳುನೂರ ನಲವತ್ತು.

“ಚೂರು ಪಾರು ಗುಂಡಿಯಾಗ ಉಳದಾವು,” ಎಂದರು. ಕೂರಲಿಲ್ಲ. “ನನ್ನ ಲೆಕ್ಕದಾಗ ಆ ಇಪ್ಪತ್ತೇಳು ಅಡಿ ಎಲ್ಲಿ ಹೋತು ಅಂತ ತೋರಸ್ರಿ ಮೇಡಂ. ಮೂವತ್ತು ವರ್ಷ ಎಲ್ಲಿ ಹೋಗಿತ್ತದು?”

ಹಾಳೆಯ ಮೇಲೆ ಒಂದು ವೃತ್ತ ಬರೆದು, ಒಳಗೆ ಚೌಕ ಬರೆದು, ಹೊರಗುಳಿದ ಸಿಪ್ಪೆಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಸುತ್ತಳತೆಯನ್ನು ನಾಲ್ಕು ಮಡಿಕೆ ಮಾಡಿ ಗುಣಿಸುವುದೆಂದರೆ ಸುತ್ತಳತೆಯ ವರ್ಗವನ್ನು ಹದಿನಾರರಿಂದ ಭಾಗಿಸಿದಂತೆ. ಹದಿನಾರರ ಬದಲು ಹನ್ನೆರಡೂವರೆಯಿಂದ ಭಾಗಿಸಿದರೆ ಸಿಪ್ಪೆಯೂ ಒಳಗೆ ಬರುತ್ತದೆ ಎಂದೆ. “ಹನ್ನೆರಡೂವರಿ,” ಎಂದು ತಮ್ಮಷ್ಟಕ್ಕೇ ಎರಡು ಸಲ ಹೇಳಿಕೊಂಡು ಎದ್ದು ಹೋದರು. ಕ್ಷಮೆ ಕೇಳಲಿಲ್ಲ. ನನಗೂ ಬೇಕಿರಲಿಲ್ಲ.

ಹದಿನೈದು ದಿನದ ಮೇಲೆ ಮೌಲಾಸಾಬರನ್ನು ನೋಡಲು ಹಗರಿಬೊಮ್ಮನಹಳ್ಳಿಗೆ ಹೋದೆ. ಕಾಲಿಗೆ ರಾಡ್ ಹಾಕಿದ್ದರು. ಅವರ ಹೆಂಡತಿ ಚಹಾ ತಂದುಕೊಟ್ಟು, “ನೀವಾ ಏನ್ರಿ, ಕಲ್ಲಿನ ಮ್ಯಾಲೆ ಕುಂತಿದ್ದು?” ಎಂದು ಕೇಳಿದರು. ನಾನು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಆ ಮಾತು ಈ ಮಾತು ಆಯಿತು. ದುರುಗಪ್ಪ ಎರಡು ಸಲ ಬಂದು ಹೋಗಿದ್ದನಂತೆ. ಎದ್ದು ಹೊರಡುವಾಗ ಮೌಲಾಸಾಬರು ಗೋಡೆಗೆ ಒರಗಿದ್ದಲ್ಲಿಂದಲೇ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

“ಮೇಡಂ, ಗುಂಡಿಯಾಗಿದ್ದಾಂವನ್ನ ಎಬ್ಬಿಸಿದ್ರಿ. ಬಾಳ ಚಲೋ ಆತು. ನನ್ನ ಯಾಕ ಇಳಸ್ಲಿಲ್ರಿ?”

ಲೆಕ್ಕ ನನಗೆ ಗೊತ್ತಿತ್ತು. ಕ್ರೇನ್ ಮಗುಚುತ್ತದೆ ಎಂದೂ ಗೊತ್ತಿತ್ತು. ಮಗುಚುವ ಕ್ರೇನಿನಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂಬುದನ್ನು ಮಾತ್ರ ‘ನಡುವೆ ಒಂದು ಮಾತಿಗೆ’ ಬಂದ ಖುಷಿಯಲ್ಲಿ ಮರೆತೆ. ನೂರಕ್ಕೆ ಇಪ್ಪತ್ತೆರಡು ಬಿಟ್ಟು ಅಳೆದ ರುದ್ರಪ್ಪನವರನ್ನು ತಪ್ಪು ಎಂದವಳು ನಾನು. ಅಂದು ನಾನೂ ಸಿಪ್ಪೆ ತೆಗೆದೇ ಅಳೆದಿದ್ದೆ. ಆ ಸಿಪ್ಪೆಯಲ್ಲಿ ಮೌಲಾಸಾಬರಿದ್ದರು.

ಈ ವೃತ್ತಿಯಲ್ಲಿ ನಾನು ಕಲಿತದ್ದು ಪೈಯ ಬೆಲೆಯನ್ನಲ್ಲ, ಅದು ಶಾಲೆಯಲ್ಲೇ ಬಂದಿತ್ತು. ಸಹಿ ಹಾಕದಿರುವುದು ತಡೆದಂತಲ್ಲ ಎಂಬುದನ್ನು ಕಲಿತೆ. ಖಾಲಿ ಬಿಟ್ಟ ಆ ಜಾಗ ನನ್ನನ್ನು ಕಾಪಾಡಿತು, ಮೌಲಾಸಾಬರ ಕಾಲನ್ನಲ್ಲ. ತೂಕ ಹತ್ತು ಟನ್ ಎಂಟುನೂರಿದ್ದರೆ ಅದು ಹತ್ತು ಟನ್ ಎಂಟುನೂರೇ. ಅದರ ಮುಂದೆ ಹಿರಿತನ, ಸಂಕೋಚ, ಒಳ್ಳೆಯತನ ಯಾವುದಕ್ಕೂ ರಿಯಾಯಿತಿ ಇಲ್ಲ. ಈಗ ಪರ್ಮಿಟ್ ಹಾಳೆಯಲ್ಲಿ ನಾನು ಮೊದಲು ತುಂಬಿಸುವುದು ಕ್ಯಾಬಿನ್ನಿನಲ್ಲಿ ಕೂರುವವರ ಹೆಸರನ್ನು.

ಆ ತಿಂಗಳ ಕೊನೆಗೆ ಎರಡನೇ ಕಂಬ ಬಂತು. ದೊಡ್ಡ ಕ್ರೇನ್ ಇನ್ನೂ ಬಂದಿರಲಿಲ್ಲ. ಮೊದಲಿನಂಥದ್ದೇ ಇನ್ನೊಂದು ಕ್ರೇನ್ ಬೆಳಿಗ್ಗೆಯೇ ಬಂದು ನಿಂತಿತ್ತು, ಹೊಸ ಚಾಲಕನೊಂದಿಗೆ. ರುದ್ರಪ್ಪ ದಾರ ಸುತ್ತಿದರು, ಮಡಿಕೆ ಮಾಡದೆ ಉದ್ದಕ್ಕೇ ಟೇಪಿಗೆ ಹಿಡಿದರು, ತುಟಿ ಅಲ್ಲಾಡಿಸುತ್ತಾ ಲೆಕ್ಕ ಮಾಡಿದರು. ಆಮೇಲೆ ಕ್ರೇನಿನ ಬಳಿ ಹೋಗಿ ಚಾಲಕನಿಗೆ, “ಇಳಿಯಪ್ಪಾ, ಚಾ ಕುಡಿ ಹೋಗು,” ಎಂದರು.

ನಾನು ಆಗಲೇ ಕಂಬದ ಮೇಲೆ ಕುಳಿತಿದ್ದೆ. ವೀರಭದ್ರಪ್ಪನವರು ಬಂದು, ಕಲ್ಲನ್ನೂ ನನ್ನನ್ನೂ ನೋಡಿದರು.

“ಎಷ್ಟೊತ್ತು ಕುಂದ್ರತೀರಿ ಮೇಡಂ?”

“ದೊಡ್ಡ ಕ್ರೇನ್ ಬರೋತನಕ.”

“ಅದು ಬರಾಕ ಇನ್ನೂ ನಾಕು ದಿನ ಐತಿ.”

“ಬುತ್ತಿ ತಂದೀನ್ರಿ,” ಎಂದೆ. ರುದ್ರಪ್ಪ ಎಲ್ಲಿಂದಲೋ ಒಂದು ಛತ್ರಿ ತಂದು ನನ್ನ ಪಕ್ಕ ಒರಗಿಸಿ, ಕಂಬದ ಇನ್ನೊಂದು ತುದಿಯಲ್ಲಿ ತಾವೂ ಕುಳಿತರು.